ಹಿಂದಿನ ಸೀಟಿನ ಅಭಿಪ್ರಾಯ

ನಮ್ಮ ಸೋದರಮಾವನ ಹತ್ತಿರ ಕಾರು ಇರಲಿಲ್ಲ. ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕಿನಲ್ಲಿ ಕಾರು ಇಟ್ಟುಕೊಂಡವರೆಲ್ಲ ಅವನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಚಂದಾ ಕೇಳುತ್ತಾನೆಂದಲ್ಲ, ಹೆಣ್ಣಿನ ಸಂಬಂಧ ತರುತ್ತಾನೆಂದೂ ಅಲ್ಲ. ಪ್ರಶ್ನೆ ಕೇಳುತ್ತಾನೆಂದು!

ಅದೂ ಒಂದೇ ನಮೂನೆಯ ಕಾರಿನ ಬಗ್ಗೆ. ಆಗಷ್ಟೇ ನಮ್ಮ ಕಡೆ ಒಂದೊಂದಾಗಿ ಬರತೊಡಗಿದ್ದ ಕಾರು ಅದು. ಮೂತಿ ಚೂಪು, ಡಿಕ್ಕಿಯ ಮೇಲೊಂದು ರೆಕ್ಕೆ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡೇ ಓಡುವ ಠೀವಿ. ಪೇಪರಿನ ಜಾಹೀರಾತಿನಲ್ಲಿ ಅದರ ಪಕ್ಕ ಕಪ್ಪು ಕನ್ನಡಕದ ತರುಣನೊಬ್ಬ ಅಂಗಿಯ ಗುಂಡಿ ಬಿಚ್ಚಿ ನಿಂತಿರುತ್ತಿದ್ದ. ನಮ್ಮ ಮಾಮಾನೋ ಐವತ್ನಾಲ್ಕು ವರ್ಷದ ಗೃಹಸ್ಥ. ಧೋತರ, ಬಿಳಿ ಟೊಪ್ಪಿಗೆ, ಕಿರ್ ಕಿರ್ ಎನ್ನುವ ಚಪ್ಪಲಿ, ಕಂಕುಳಲ್ಲಿ ಛತ್ರಿ. ಈ ವಯಸ್ಸಿನಲ್ಲಿ ಇವನಿಗೆ ಇದೇನು ಶೋಕಿ ಎಂದು ಬಜಾರವೆಲ್ಲ ಮಾತಾಡಿಕೊಂಡಿತು. ನಾನೂ ಅವನ ಎದುರಿಗೇ ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿಮ್ಮ ಅತ್ತೆಯ ಸಲುವಾಗಿ ಎಂದ.

ಅತ್ತೆಯ ತವರು ನಾಲತವಾಡ. ಹುಟ್ಟಿದ ವರ್ಷವೇ ತಾಯಿ ಹೋದ ಅವಳನ್ನು ಎತ್ತಿ ಆಡಿಸಿ, ಜಡೆ ಹಾಕಿ, ಮದುವೆ ಮಾಡಿ ಸಿಂದಗಿಗೆ ಕಳಿಸಿದವಳು ಅವಳ ಅಕ್ಕ. ಅತ್ತೆಗೆ ಅಕ್ಕ ಎಂದರೆ ತಾಯಿ, ಊರು, ದೇವರು ಎಲ್ಲ. ಆದರೆ ಅತ್ತೆಗೆ ಗಾಡಿ ಆಗಿಬರುವುದಿಲ್ಲ. ಗಾಲಿ ನಾಲ್ಕು ಸುತ್ತು ತಿರುಗಿದರೆ ಅವಳ ಹೊಟ್ಟೆ ಐದು ಸುತ್ತು ತಿರುಗುತ್ತದೆ. ಲಿಂಬೆಹಣ್ಣು ಮೂಸಿದ್ದಾಯಿತು, ಶುಂಠಿ ಜಗಿದದ್ದಾಯಿತು, ಯಾರೋ ಹೇಳಿದರೆಂದು ಹೊಟ್ಟೆಗೆ ಪೇಪರು ಸುತ್ತಿಕೊಂಡದ್ದೂ ಆಯಿತು. ಓದಲು ಬಾರದ ಹೊಟ್ಟೆ, ಏನು ಮಾಡೀತು!

ಅಕ್ಕನ ಮಗಳ ಮದುವೆಗೆಂದು ಟೆಂಪೋ ಹತ್ತಿದ ದಿನವೇ ಕೊನೆ. ಮಾಮಾ ತೊಗರಿ ಸುಗ್ಗಿಯ ಗಡಿಬಿಡಿಯಲ್ಲಿ ಅವಳೊಬ್ಬಳನ್ನೇ ಮುಂದೆ ಕಳಿಸಿದ್ದ. ದೇವರ ಹಿಪ್ಪರಗಿಯ ಹತ್ತಿರ ಅವಳು ನಿಲ್ಲಿಸು ಎಂದು ಕೈ ಮುಗಿದು ಕೇಳಿಕೊಂಡರೂ ಚಾಲಕ ನಿಲ್ಲಿಸಲಿಲ್ಲ. ಪಕ್ಕದವರ ರೇಷ್ಮೆ ಸೀರೆ ಹಾಳಾಯಿತು. ಗಾಡಿಯ ತುಂಬ ಮಂದಿ ಬಾಯಿಗೆ ಬಂದದ್ದು ಅಂದರು. ಅವಳು ಹಿಪ್ಪರಗಿ ಬಂದ ಕೂಡಲೇ ಇಳಿದು, ಮದುವೆಯನ್ನೂ ಬಿಟ್ಟು, ಯಾರದೋ ಚಕ್ಕಡಿಯಲ್ಲಿ ಸೆರಗಿನಿಂದ ಮುಖ ಮುಚ್ಚಿಕೊಂಡು ಸಿಂದಗಿಯ ಮನೆಗೆ ತಿರುಗಿ ಬಂದಳು. ಅವತ್ತಿನಿಂದ ಇಂಜಿನ್ ಇರುವ ಯಾವುದನ್ನೂ ಹತ್ತಲಿಲ್ಲ. ಚಕ್ಕಡಿಯಲ್ಲೇ ನಾಲತವಾಡಕ್ಕೆ ಹೋಗಬಾರದಿತ್ತೇ ಎಂದು ನೀವು ಕೇಳಬಹುದು. ಬಾಗೇವಾಡಿ, ಮುದ್ದೇಬಿಹಾಳ ದಾಟಿ ಮೂರು ದಿನದ ದಾರಿ, ಎತ್ತುಗಳೇ ಒಪ್ಪಲಿಲ್ಲ. ಅಕ್ಕನೇ ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಬಂದು ತಂಗಿಯ ಮುಖ ನೋಡಿ ಹೋಗುತ್ತಿದ್ದಳು. ಆಮೇಲೆ ಅವಳಿಗೆ ಮೊಣಕಾಲು ಹಿಡಿದವು, ಅದೂ ನಿಂತಿತು.

ಬಿಜಾಪುರದ ಮೆಕ್ಯಾನಿಕ್ ಒಬ್ಬ ಮಾಮಾನ ಕಿವಿಯಲ್ಲಿ ಊದಿದ್ದ. ಹೊಟ್ಟೆ ತೊಳಸುವುದು ಗಾಡಿ ತೂಗಾಡುವುದರಿಂದ. ನೆಲಕ್ಕೆ ಹತ್ತಿದ, ಸ್ಪ್ರಿಂಗ್ ಬಿಗಿ ಇರುವ ಗಾಡಿ ತೂಗಾಡುವುದಿಲ್ಲ. ಅಂಥದ್ದು ಬೇಕೆಂದರೆ ಈ ಹುಡುಗರ ಕಾರೇ ಸೈ. ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೇ ಹೋಗಿ ಕಾರು ತರುತ್ತಿದ್ದರು. ಆದರೆ ಮಾಮಾ ಸಿಂದಗಿ ಬಜಾರದ ತೊಗರಿ ವ್ಯಾಪಾರಿ. ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ಮೇಲಿನದು, ನಡುವಿನದು, ತಳದ್ದು ಎಂದು ಮೂರು ಕಡೆಯ ಕಾಳು ತೆಗೆದು ಬಾಯಿಗೆ ಹಾಕಿ ನೋಡದೆ ಒಂದು ಚೀಲವನ್ನೂ ಒಳಗೆ ಬಿಟ್ಟುಕೊಂಡವನಲ್ಲ. ಸ್ವಂತ ತಮ್ಮನೇ ಹೊಲದಿಂದ ಕಳಿಸಿದ ಚೀಲಕ್ಕೂ ಚುಚ್ಚುತ್ತಿದ್ದ. ಅದೇ ಪದ್ಧತಿ ಕಾರಿಗೂ ಬಂತು. ಮಾಲೀಕನ ಮಾತು ಮೇಲಿನ ಕಾಳು, ಅದು ಚೆನ್ನಾಗಿಯೇ ಇರುತ್ತದೆ. ಡ್ರೈವರನದು ನಡುವಿನ ಕಾಳು. ನಿಜವಾದ ಮಾಲು ತಳದಲ್ಲಿ, ಅಂದರೆ ಹಿಂದಿನ ಸೀಟಿನಲ್ಲಿ ಕೂರುವ ಹೆಂಗಸರ ಬಾಯಲ್ಲಿ! ಆದರೆ ಪರರ ಮನೆಯ ಅಡುಗೆಮನೆಗೆ ನುಗ್ಗಿ, ನಿಮಗೆ ವಾಂತಿ ಆಗುತ್ತದೆಯೇ ಎಂದು ಗಂಡಸು ಕೇಳಲಾದೀತೇ? ಅದಕ್ಕೆ ಕೊಳವೆ ಬೇಕಾಯಿತು. ಆ ಕೊಳವೆ ನಾನು.

ನಾನಾಗ ಸಿಂದಗಿಯಲ್ಲಿ ಮೇಷ್ಟರಕಿ ಮಾಡುತ್ತ ಮಾಮಾನ ಮನೆಯಲ್ಲೇ ಇದ್ದೆ. ಮದುವೆಯಾಗಿ ವರ್ಷವಾಗಿತ್ತು, ಗಂಡನ ನೌಕರಿ ಬೇರೆ ಊರಲ್ಲಿ. ರವಿವಾರ ಬಂತೆಂದರೆ ಮಾಮಾ ನನ್ನನ್ನು ಬಸ್ಸಿಗೆ ಹತ್ತಿಸಿಕೊಂಡು ಹೊರಡುತ್ತಿದ್ದ. ಮೊದಲ ಸವಾರಿ ಇಂಡಿಗೆ, ಒಬ್ಬ ಲಿಂಬೆ ವ್ಯಾಪಾರಿಯ ಮನೆಗೆ. ಮಾಲೀಕ ಎದೆಯುಬ್ಬಿಸಿ, ಬಾಯಿಗೆ ಹಾಕಿದ ಎಲಿ ಅಡಿಕಿ ಮುಗಿಯುವುದರೊಳಗೆ ಬಿಜಾಪುರ ಮುಟ್ಟುತ್ತೇನೆ ಎಂದ. ಮಾಮಾ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಡ್ರೈವರ್ ಮಾತ್ರ ಮೆಲ್ಲಗೆ ದೂರು ಹೇಳಿಕೊಂಡ.

"ಏನ್ ಚಲೋರೀ, ಹಂಪ್ ಬಂದ್ರ ಹೊಟ್ಟಿ ತಿಕ್ಕತೈತಿ. ಸ್ಪ್ರಿಂಗ್ ಅಂತೂ ಕಲ್ಲು."

"ಕಲ್ಲಂದ್ರ ಎಂಥಾ ಕಲ್ಲೋ?" ಮಾಮಾನ ಕಣ್ಣು ಮಿಂಚಿದವು.

"ಶಾಬಾದಿ ಕಲ್ರಿ. ಹಾದ್ಯಾಗಿನ ಹರಳು ಒಂದೊಂದೂ ಬೆನ್ನಿಗೆ ಎಣಿಸಿ ಹೇಳತೈತಿ."

ಮಾಮಾ ಅವನ ಬೆನ್ನು ತಟ್ಟಿದ. ತನ್ನ ದೂರಿಗೆ ಇಷ್ಟು ಸಂತೋಷಪಟ್ಟವರನ್ನು ಆ ಡ್ರೈವರ್ ಜನ್ಮದಲ್ಲಿ ಕಂಡಿರಲಿಲ್ಲ. ಒಳಗೆ ನಾನು ಮಾಲೀಕನ ಹೆಂಡತಿಯ ಮುಂದೆ ಕೂತಿದ್ದೆ. ಆ ಕಾರಿನಲ್ಲಿ ಕೂರುವುದು ಸುಲಭ, ಏಳಬೇಕಾದರೆ ಇಬ್ಬರು ಕೈ ಹಿಡಿದು ಎಳೆಯಬೇಕು, ಸೀರೆಯ ನಿರಿಗೆ ಉಳಿಯುವುದಿಲ್ಲ ಎಂದು ಆಕೆ ತನ್ನ ಕಷ್ಟವನ್ನೆಲ್ಲ ಹೇಳಿದಳು. ನಾನು ದನಿ ತಗ್ಗಿಸಿ, ಹಿಂದೆ ಕೂತರೆ ವಾಂತಿ ಬರುತ್ತದೆಯೇ ಎಂದು ಕೇಳಿದೆ. ಆಕೆ ನನ್ನ ಮುಖ ನೋಡಿದಳು, ಹೊಟ್ಟೆ ನೋಡಿದಳು, ಎದ್ದು ಹೋಗಿ ಒಂದು ಭರಣಿ ಉಪ್ಪಿನಕಾಯಿ ತಂದು ಮಡಿಲಲ್ಲಿಟ್ಟಳು. ವಾರದೊಳಗೆ ನನ್ನ ಗಂಡನ ಮನೆಯವರು ಹಸಿರು ಬಳೆ ಹಿಡಿದುಕೊಂಡು ಸಿಂದಗಿಗೆ ಬಂದಿಳಿದರು! ಅವರಿಗೆ ಕಾರಿನ ಸ್ಪ್ರಿಂಗಿನ ವಿಷಯ ತಿಳಿಸಿ ಹೇಳುವಷ್ಟರಲ್ಲಿ ನನಗೆ ನಿಜವಾಗಿಯೂ ತಲೆ ಸುತ್ತು ಬಂದಿತ್ತು.

ಮುದ್ದೇಬಿಹಾಳದಲ್ಲಿ ಇನ್ನೊಂದು ಕಥೆ. ಅಲ್ಲಿಯ ಗುತ್ತಿಗೆದಾರನೊಬ್ಬ ಅದೇ ಕಾರು ತಂದಿದ್ದ. ಧೋತರದ ಮನುಷ್ಯ ಬಂದು ಕಾರು ಯಾವಾಗ ಕೊಂಡಿರಿ, ಯಾರು ಯಾರು ಕೂರುತ್ತಾರೆ, ಎಲ್ಲೆಲ್ಲಿ ಹೋಗುತ್ತೀರಿ ಎಂದು ಒಂದೇ ಸಮನೆ ಕೇಳತೊಡಗಿದಾಗ ಅವನು ಇವರು ಯಾವುದೋ ತನಿಖೆಯವರೇ ಎಂದುಕೊಂಡು, ಕಾರು ತನ್ನದಲ್ಲ, ಭಾವಮೈದುನನದು ಎಂದುಬಿಟ್ಟ. ಮಾಮಾ ತೊಗರಿಯ ಮಾತು ತೆಗೆದ ಮೇಲೆಯೇ ಕಾರು ಮತ್ತೆ ಅವನದಾಯಿತು. ಅವನ ತಾಯಿ ದಿನವೂ ಹಿಂದಿನ ಸೀಟಿನಲ್ಲಿ ಹೊಲಕ್ಕೆ ಹೋಗುವವಳು. ನಾನು ಆಸೆಯಿಂದ ಕೇಳಿದರೆ, ಕೂತ ಕೂಡಲೇ ನಿದ್ದೆ ಬರುತ್ತದೆ, ಏನೂ ಗೊತ್ತಾಗುವುದಿಲ್ಲ ಎಂದಳು. ಆಕೆ ನನ್ನ ಎರಡನೆಯ ಪ್ರಶ್ನೆಗೂ ಮೊದಲೇ ಕೂತಲ್ಲೇ ನಿದ್ದೆ ಹೋದಳು. ಈ ಕಾಳು ನಡೆಯುವುದಿಲ್ಲ ಎಂದು ಮಾಮಾ ತಳ್ಳಿಹಾಕಿದ.

ಕಡೆಗೆ ಅದೇ ಕಾರಿನಲ್ಲಿ ತಾನೇ ಪರೀಕ್ಷೆಗೆ ನಿಂತ. ಒಂದು ತಂಬಿಗೆ ತುಂಬ ಕಂಠಮಟ್ಟ ನೀರು ತರಿಸಿ, ಅದನ್ನು ತೊಡೆಯ ನಡುವೆ ಹಿಡಿದು ಹಿಂದಿನ ಸೀಟಿನಲ್ಲಿ ಕೂತು, ಊರು ಬಿಟ್ಟು ಎರಡು ಮೈಲು ಹೊಡೆಯಿರಿ ಎಂದ. ತುಳುಕಿದಷ್ಟು ನೀರು ಅತ್ತೆಯ ಸಂಕಟ ಎಂಬುದು ಲೆಕ್ಕ. ತಿರುಗಿ ಬಂದು ಕಾರಿನಿಂದ ಇಳಿದಾಗ ತಂಬಿಗೆಯಲ್ಲಿ ಮುಕ್ಕಾಲು ನೀರು ಉಳಿದಿತ್ತು; ಉಳಿದ ಕಾಲು ಭಾಗ ಧೋತರದಲ್ಲಿತ್ತು. ಮಾಮಾ ಗೆದ್ದ ಮುಖದಿಂದ ನಿಂತಿದ್ದ. ಅಂಗಳದಲ್ಲಿದ್ದ ಮಂದಿ ಧೋತರ ನೋಡಿ ಆಕಾಶ ನೋಡಿದರು. ಗುತ್ತಿಗೆದಾರ ಮರ್ಯಾದಸ್ಥ, ಒಳಗೆ ಹೋಗಿ ಒಣಗಿದ ಧೋತರ ತಂದುಕೊಟ್ಟು, ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಸಮಾಧಾನ ಹೇಳಿದ.

ಇಷ್ಟೇ ಆಗಿದ್ದರೆ ಒಂದು ವರ್ಷದಲ್ಲಿ ಮುಗಿಯುತ್ತಿತ್ತು. ಆದರೆ ಕಾರು ಕೊಳ್ಳಬೇಕೆಂದಿರುವವರ ಅಭಿಪ್ರಾಯವೂ ಇತ್ತಲ್ಲ! ಸಿಂದಗಿ ಬಸ್ ನಿಲ್ದಾಣದ ಎದುರಿನ ಚಹಾದ ಅಂಗಡಿಯಲ್ಲಿ ಅಂಥವರದೊಂದು ಗುಂಪೇ ಇತ್ತು. ಅವರಲ್ಲಿ ಒಬ್ಬನೂ ಆ ಕಾರಿನ ಬಾಗಿಲು ತೆಗೆದವನಲ್ಲ, ಆದರೆ ಮಾತು ಮಾತ್ರ ಕಾರ್ಖಾನೆಯಿಂದ ಈಗಷ್ಟೇ ಇಳಿದು ಬಂದ ಹಾಗೆ. ಒಬ್ಬ ಬಿಳಿ ಬಣ್ಣದ್ದು ಬೇಡವೆಂದ, ಇನ್ನೊಬ್ಬ ಹಿಂದಿನ ರೆಕ್ಕೆ ಇರದಿದ್ದರೆ ಗಾಡಿ ಹಾರಿಹೋಗುತ್ತದೆ ಎಂದ, ಮತ್ತೊಬ್ಬ ಮುಂದಿನ ವರ್ಷ ಹೊಸ ನಮೂನೆ ಬರುತ್ತದೆ, ತಡೆಯಿರಿ ಎಂದ. ಮಾಮಾ ತಡೆದ. ನಡುವೆ ಬಿಜಾಪುರಕ್ಕೆ ಹೋಗಿ ಡ್ರೈವಿಂಗ್ ಕಲಿತ. ಪರರ ಕೈಯಲ್ಲಿ ಹೆಂಡತಿಯನ್ನು ಕೊಡುವುದು ಅವನಿಗೆ ಒಪ್ಪಿಗೆಯಿರಲಿಲ್ಲ. ಹೀಗೆ ನಾಲ್ಕು ವರ್ಷ ಹೋದವು. ಅತ್ತೆ ರೊಟ್ಟಿ ಬಡಿಯುತ್ತ, ಅಷ್ಟರಲ್ಲಿ ನಡೆದುಕೊಂಡೇ ಹೋಗಿ ಬಂದಿರುತ್ತಿದ್ದೆ ಎಂದು ನಗುತ್ತಿದ್ದಳು. ನಾವೂ ನಗುತ್ತಿದ್ದೆವು. ಅವಳಿಗೆ ಅಕ್ಕನ ನೆನಪು ಎಷ್ಟು ಕಾಡುತ್ತದೆಂದು ನಾವು ಯಾರೂ ಕೇಳಿರಲಿಲ್ಲ. ಅದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಒಂದು ಮುಂಜಾನೆ ನಾಲತವಾಡದಿಂದ ಫೋನು ಬಂತು. ಅಕ್ಕನಿಗೆ ಲಕ್ವ ಹೊಡೆದಿದೆ, ಒಂದು ಕಡೆ ಕೈಕಾಲು ಬಿದ್ದಿವೆ, ತಂಗಿಯ ಹೆಸರು ಹಿಡಿದು ಕೇಳುತ್ತಾಳೆ ಎಂದರು. ಮಾಮಾ ಫೋನಿಟ್ಟು ಬಂದವನೇ, ಆಲಮೇಲದಲ್ಲಿ ಒಬ್ಬನು ಅದೇ ಕಾರು ಮಾರುವವನಿದ್ದಾನೆ, ಅಂಥದ್ದೇ ಕಾರು ಇಟ್ಟುಕೊಂಡ ಬಾಗೇವಾಡಿಯ ವಕೀಲರೊಬ್ಬರನ್ನು ಒಂದು ಮಾತು ಕೇಳಿ ಆಮೇಲೆ ತರೋಣ ಅಂದ. ಅತ್ತೆ ಕೊಣಮಿಗೆಯಲ್ಲಿ ರೊಟ್ಟಿಯ ಹಿಟ್ಟು ನಾದುತ್ತಿದ್ದ ಕೈ ತೊಳೆಯಲಿಲ್ಲ. ಅವನ ಎದುರು ಬಂದು ನಿಂತಳು.

"ನಿಮ್ಮ ಕೇಳೂದು ಮುಗಿಯೂದ್ರಾಗ ನಮ್ಮಕ್ಕ ಮುಗೀತಾಳ," ಎಂದಳು.

ಅವಳು ದನಿ ಎತ್ತಿರಲಿಲ್ಲ. ಮಾಮಾ ಛತ್ರಿಯನ್ನೂ ಮರೆತು ಆಲಮೇಲದ ಬಸ್ಸು ಹತ್ತಿದ. ಸಂಜೆಗೆ ರೆಕ್ಕೆಯ ಕಾರು ಮನೆಯ ಮುಂದೆ ನಿಂತಿತ್ತು. ಯಾರನ್ನೂ ಏನೂ ಕೇಳದೆ, ಒಂದು ಕಾಳನ್ನೂ ಬಾಯಿಗೆ ಹಾಕದೆ ಅವನು ತಂದ ಜೀವನದ ಏಕಮೇವ ವಸ್ತು ಅದು.

ಮರುದಿನ ಬೆಳಕು ಹರಿಯುತ್ತಲೇ ಹೊರಟೆವು. ಅತ್ತೆ ಹಿಂದೆ, ಪಕ್ಕದಲ್ಲಿ ನಾನು, ಮುಂದೆ ಟೊಪ್ಪಿಗೆ ಹಾಕಿಕೊಂಡ ಮಾಮಾ. ಎಲಿ ಅಡಿಕಿ ಮುಗಿಯುವುದರೊಳಗೆ ಬಿಜಾಪುರ ಮುಟ್ಟುವ ಕಾರನ್ನು ನಮ್ಮ ಮಾಮಾ ಸೈಕಲ್ಲಿನ ವೇಗದಲ್ಲಿ ಓಡಿಸಿದ. ಸೈಕಲ್ಲಿನವರೂ ನಮ್ಮನ್ನು ಹಿಂದೆ ಹಾಕಿದರು. ಕಬ್ಬು ಹೇರಿದ ಟ್ರ್ಯಾಕ್ಟರ್ ಒಂದು ಬಹಳ ಹೊತ್ತು ಹಾರ್ನ್ ಹೊಡೆದು, ಬೇಸತ್ತು ಮುಂದೆ ಹೋಯಿತು. ಮೇಲೆ ಕೂತ ಆಳುಗಳು ನಮ್ಮನ್ನು ನೋಡಿ ಕೈ ಬೀಸಿದರು. ತೂಗಾಟವೇ ಇರಲಿಲ್ಲ. ಮೆಕ್ಯಾನಿಕ್ ಹೇಳಿದ್ದೆಲ್ಲ ನಿಜವಾಗಿತ್ತು.

ಆದರೂ ದೇವರ ಹಿಪ್ಪರಗಿ ಬರುವ ಮೊದಲೇ ಅತ್ತೆ ಬೆವರಿದಳು. "ನಿಂದರಸ್ರಿ," ಎಂದಳು. ಮಾಮಾ ನಿಲ್ಲಿಸಿದ. ಅವಳು ಇಳಿದು ಜಾಲಿಯ ಗಿಡದ ಮರೆಗೆ ಹೋಗಿ ಬಂದಳು. ಹೂವಿನ ಹಿಪ್ಪರಗಿಯಲ್ಲಿ ಮತ್ತೆ. ಬಾಗೇವಾಡಿ ದಾಟಿದ ಮೇಲೆ ಮತ್ತೆ. ಮೂರನೆಯ ಸಲ ನಾನು ಅವಳ ಹಣೆ ಹಿಡಿದಿದ್ದೆ, ಮಾಮಾ ತಂಬಿಗೆಯಿಂದ ಅವಳ ಕೈಗೆ ನೀರು ಹಾಕುತ್ತಿದ್ದ. ನೀರು ನೆಲಕ್ಕೇ ಹೆಚ್ಚು ಹೋಯಿತು. ನಾಲ್ಕು ವರ್ಷ ನಾಲ್ಕು ತಾಲೂಕು ತಿರುಗಿದ ಮನುಷ್ಯ ರಸ್ತೆಯ ಬದಿಯಲ್ಲಿ ಸೋತು ನಿಂತಿದ್ದ. ಇಷ್ಟು ದಿನ ಅವನನ್ನು ಎಷ್ಟು ಗೇಲಿ ಮಾಡಿದ್ದೆ, ಆ ಹೊತ್ತಿನಲ್ಲಿ ಅವನ ಮುಖ ನೋಡಲು ನನಗೆ ಆಗಲಿಲ್ಲ.

"ಸಾಕು. ತಿರುಗಿ ಹೋಗೂಣು," ಎಂದ ಅವನು. "ನನ್ನ ಲೆಕ್ಕ ತಪ್ಪೇತಿ. ನಿನಗ ಇಷ್ಟ ತ್ರಾಸ ಕೊಟ್ಟು..."

ಅತ್ತೆ ಬಾಯಿ ಮುಕ್ಕಳಿಸಿ ಉಗುಳಿ, ಸೆರಗಿನಿಂದ ಒರೆಸಿಕೊಂಡಳು. "ತಿರುಗಿ ಹೋದ್ರೂ ಅಷ್ಟ ಹಾದಿ ಐತಿ. ಮುಂದ ನಡೀರಿ."

ಮುದ್ದೇಬಿಹಾಳದ ಮೊದಲು ಒಮ್ಮೆ, ಆಮೇಲೆ ಒಮ್ಮೆ ನಿಂತೆವು. ಮಧ್ಯಾಹ್ನ ಇಳಿಯುವ ಹೊತ್ತಿಗೆ ನಾಲತವಾಡ ಮುಟ್ಟಿದೆವು. ಅತ್ತೆಯ ಮುಖದಲ್ಲಿ ರಕ್ತವಿರಲಿಲ್ಲ. ಬಾಗಿಲಲ್ಲಿ ನೀರು ಇಸಿದುಕೊಂಡು ಮುಖ ತೊಳೆದು, ಕುಂಕುಮ ಸರಿಮಾಡಿಕೊಂಡು, ನಗುತ್ತ ಒಳಗೆ ಹೋದಳು. ಅಕ್ಕ ಹೊರಸಿನ ಮೇಲೆ ಮಲಗಿದ್ದಳು. ಬಾಯಿ ಒಂದು ಕಡೆ ಜಾರಿತ್ತು, ಆದರೆ ಕಣ್ಣು ತಂಗಿಯನ್ನು ಕೂಡಲೇ ಗುರುತು ಹಿಡಿದವು. ಸ್ವಾಧೀನದಲ್ಲಿದ್ದ ಒಂದು ಕೈಯನ್ನೇ ಎತ್ತಿ ತಂಗಿಯ ಗಲ್ಲ, ಕಿವಿ, ಜಡೆ ಎಲ್ಲ ಮುಟ್ಟಿ ನೋಡಿದಳು. ಆಮೇಲೆ ಅಕ್ಕ ತೊದಲುತ್ತ, ನಿನಗೆ ಗಾಡಿ ಆಗಿಬರುವುದಿಲ್ಲವಲ್ಲ, ಹೇಗೆ ಬಂದೆ ಎಂದು ಕೇಳಿದಳು.

ಮಾಮಾ ಬಾಗಿಲಲ್ಲಿ ನಿಂತಿದ್ದ. ಟೊಪ್ಪಿಗೆ ಕೈಯಲ್ಲಿತ್ತು.

"ಇವ್ರು ನನಗಂತ ಗಾಡಿ ತಂದಾರ ಅಕ್ಕ. ಭಾಳ ಚಲೋ ಐತಿ," ಎಂದಳು ಅತ್ತೆ. "ನಿಂದರಸ್ರಿ ಅಂದ್ರ ನಿಂದರತೈತಿ."