ಪಾಂಡೆಲಿಸನ ಮೂರು ಹಕ್ಕಿ ದಿಂಬು

ಪಾಂಡೆಲಿಸನ ತಲೆ ಕೆಡಿಸಿದ್ದು, ಹಲ್ಲಿನ ಡಾಕ್ಟರಲ್ಲಿ ಕಾಯುವಾಗ ಓದಿದ ಬಣ್ಣದ ಪತ್ರಿಕೆ. ಹಳೆಯ ಕಾಲದ ಹಕ್ಕಿಚಿತ್ರಗಳ ದಿಂಬು ಸೋಫಾದ ಮೇಲಿದ್ದರೆ ಮನೆಗೆ ಕುಲೀನರ ಕಳೆ ಬರುತ್ತದಂತೆ. ಬಾಡಿಗೆ ಗೂಡಿನಲ್ಲಿ ಬೇಯುವವನಿಗೆ ಕುಲೀನರ ಕಳೆ! ಜುಟ್ಟಿಲ್ಲದವನಿಗೆ ಮಲ್ಲಿಗೆ ದಂಡೆ.

ಆದರೂ ಅವನು ಕೊಂಡ. ಅಥೆನ್ಸಿನ ಕುಕಾಕಿ ಬಡಾವಣೆಯ ಕಟ್ಟಡವೊಂದರಲ್ಲಿ ಇಪ್ಪತ್ತೆರಡು ವರ್ಷ ಇದ್ದವನ ಬಾಡಿಗೆ ಕರಾರು ಆಗಸ್ಟಿಗೆ ಮುಗಿಯುತ್ತಿತ್ತು. ಇಡೀ ಕಟ್ಟಡದ ಒಡತಿ ಎರಸ್ಮಿಯಾ ಹೊಸದಕ್ಕೆ ಸಹಿ ಹಾಕಿರಲಿಲ್ಲ. ಈಸ್ಟರಿಗೆ ಬಂದಾಗ "ಇದೇನು ಮನೆಯೋ ಗೋದಾಮೋ?" ಎಂದು ಮೂಗು ಮುರಿದು ಹೋಗಿದ್ದಳು.

ಇವತ್ತು ಅವನ ಹೆಸರಿನ ಸಂತನ ದಿನ. ಈ ದಿನ ಯಾರೂ ಯಾರನ್ನೂ ಕರೆಯುವುದಿಲ್ಲ, ಎಲ್ಲರೂ ಬರುತ್ತಾರೆ. ಎರಸ್ಮಿಯಾಳೂ ಬರುತ್ತಾಳೆ, ಪುಕ್ಕಟೆ ಸಿಹಿಯನ್ನು ಅವಳು ಯಾವ ಸಂತನಿಗೂ ಬಿಟ್ಟುಕೊಟ್ಟವಳಲ್ಲ. ಗೂಬೆ, ಕೊಕ್ಕರೆ, ಚಂದ್ರಮುಕುಟ ಹಕ್ಕಿ, ಮೂರು ದಿಂಬನ್ನೂ ಸೋಫಾದ ಮೇಲೆ ಸಾಲಾಗಿ ಕೂರಿಸಿ ಪಾಂಡೆಲಿಸ್ ಬಾಗಿಲು ತೆರೆದಿಟ್ಟ.

ಮೊದಲು ಬಂದವಳು ಮೇಲ್ಮನೆಯ ಫ್ರೋಸೋ.

"ಗೂಬೆನಾ? ಮನೆಯೊಳಗೆ? ಯಾರನ್ನ ಸಾಯಿಸ್ಬೇಕು ಅಂತಿದೀಯೋ?"

"ಕಲೆ ಕಣಕ್ಕಾ ಅದು. ಇನ್ನೂರು ವರ್ಷದ ಹಿಂದಿನ ಚಿತ್ರ."

"ಗೂಬೆಗೆ ವಯಸ್ಸಾದ್ರೆ ಕೋಗಿಲೆ ಆಗತ್ತಾ?"

ಹಿಂದೆಯೇ ಕೆಳಮನೆಯ ಸ್ತಮಾತಿಸ್ ಬಂದ. ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತನಾದವನು, ಅಂಡಿನ ಸುತ್ತಳತೆಯೂ ಹಡಗಿನದೇ. ಕೊಕ್ಕರೆಯ ಮೇಲೆ ಕೂತ. ಕೊಕ್ಕರೆ ಕಾಣೆಯಾಯಿತು.

"ಅಣ್ಣಾ, ಅದು ಕೂರೋಕಲ್ಲ."

"ಮತ್ತೆ ದಿಂಬು ಯಾಕಪ್ಪಾ, ಪೂಜೆ ಮಾಡೋಕಾ?"

ಫ್ರೋಸೋ ಕಾಫಿ ಕುಡಿದು, ಕಪ್ಪನ್ನು ತಟ್ಟೆಯ ಮೇಲೆ ಕವುಚಿಟ್ಟಳು. ಗಸಿ ಇಳಿದ ಮೇಲೆ ಎತ್ತಿ ಕಣ್ಣು ಕಿರಿದು ಮಾಡಿದಳು. ಬೀದಿಯ ಭವಿಷ್ಯವೆಲ್ಲ ಅವಳ ಕಪ್ಪಿಗೆ ಅಂಟಿದ ಗಸಿಯಲ್ಲೇ ತೀರ್ಮಾನವಾಗುತ್ತಿತ್ತು.

"ಬಾಗ್ಲು ಕಾಣ್ತಿದೆ. ಮೂರು ಹಕ್ಕಿ ಹಾರ್ತಿವೆ. ಮೂರು ಶುಭ ಸುದ್ದಿ ಕಣೋ."

ತೋರಿಸಲು ಕಪ್ಪು ವಾಲಿಸಿದಳು. ಅಂಟದೆ ಉಳಿದಿದ್ದ ಗಸಿಯೆಲ್ಲ ಗೂಬೆಯ ಮುಖದ ಮೇಲೆ.

"ನಿಂಬೆಹಣ್ಣು ಹಾಕು," ಎಂದಳು ಫ್ರೋಸೋ. "ವಿನಿಗರ್ರು," ಎಂದ ಸ್ತಮಾತಿಸ್. ಪಾಂಡೆಲಿಸ್ ಎರಡನ್ನೂ ಹಾಕಿ ಉಜ್ಜಿದ. ಕಲೆ ಕೆಳಗೆ ಹರಡಿ ಗೂಬೆಗೆ ಗಡ್ಡ ಬಂತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಎರಸ್ಮಿಯಾಳ ಹೀಲ್ಸಿನ ಸದ್ದು. ಪಾಂಡೆಲಿಸ್ ಒದ್ದೆ ಗೂಬೆಯ ಮೇಲೆ ಕೂತುಬಿಟ್ಟ. ಇಪ್ಪತ್ತೆರಡು ವರ್ಷ ತಪ್ಪದೆ ಬಾಡಿಗೆ ಕೊಟ್ಟವನು, ತಾನೇ ಕೊಂಡ ದಿಂಬಿನ ಮೇಲೆ ಕಳ್ಳನಂತೆ ಮುದುಡಿದ್ದ.

ಎರಸ್ಮಿಯಾ ಎರಡು ಸಿಹಿ ನುಂಗಿ, ಮೂರನೆಯದನ್ನು ಕೈಯಲ್ಲಿ ಹಿಡಿದು ಸುತ್ತ ನೋಡಿದಳು. ಕಣ್ಣು ಚಂದ್ರಮುಕುಟದ ಮೇಲೆ ನಿಂತಿತು.

"ಅಯ್ಯೋ, ಎಷ್ಟು ಚೆನ್ನಾಗಿದ್ಯೋ. ಸ್ತಮಾತಿಸ್, ಏಳಯ್ಯ."

ಚಪ್ಪಟೆಯಾದ ಕೊಕ್ಕರೆಯನ್ನು ತಟ್ಟಿ ನಿಲ್ಲಿಸಿ, ಫೋನಿನಲ್ಲಿ ಚಿತ್ರ ತೆಗೆದಳು. ಕಿಟಕಿಯಿಂದ, ಬಾಗಿಲಿನಿಂದ, ಕುರ್ಚಿ ಹತ್ತಿ.

"ನೀನೂ ಏಳೋ."

"ಮಂಡಿ ನೋವು, ತಾಯಿ."

"ಹೋಗ್ಲಿ, ನಿನ್ನನ್ನ ಕತ್ತರಿಸಿ ಹಾಕ್ತೀನಿ."

ಫೋಟೋದಿಂದ ತಾನೇ, ಎಂದುಕೊಂಡು ಪಾಂಡೆಲಿಸ್ ಹಿಗ್ಗಿದ. ಪತ್ರಿಕೆ ಸುಳ್ಳು ಹೇಳಿರಲಿಲ್ಲ.

"ಹಂಗಾದ್ರೆ ತಾಯಿ, ಕರಾರು..."

"ಕರಾರು ಯಾಕೆ? ಪ್ರವಾಸಿಗಳಿಗೆ ದಿನದ ಲೆಕ್ಕದಲ್ಲಿ ಬಾಡಿಗೆಗೆ ಬಿಡೋಣ ಅಂತ ಎರಡು ವರ್ಷದಿಂದ ಒದ್ದಾಡ್ತಿದ್ದೆ. ಈ ಗೋದಾಮಿಗೆ ಯಾರು ಬರ್ತಾರೆ ಅಂತ ಹೆದರಿಕೆ ಇತ್ತು. ನೀನು ದಾರಿ ತೋರಿಸ್ದೆ ಮಗನೇ. ಆಗಸ್ಟಿಗೆ ಖಾಲಿ ಮಾಡು, ದಿಂಬು ಬಿಟ್ಟುಹೋಗು."

ಫ್ರೋಸೋ ನಿಟ್ಟುಸಿರಿಟ್ಟು ಅವನ ಬೆನ್ನು ಸವರಿದಳು. "ಗೂಬೆ ಬೇಡ ಅಂತ ಬಾಯ್ಬಿಟ್ಟು ಹೇಳ್ದೆ ನಾನು."

ಎರಸ್ಮಿಯಾ ಮೂರನೆಯ ಸಿಹಿಯನ್ನು ಬಾಯಿಗೆ ಹಾಕಿ, ಬೆರಳು ಚೀಪಿ, ಬಾಗಿಲಲ್ಲಿ ತಿರುಗಿದಳು.

"ಅಂಗಡಿ ಎಲ್ಲಿದೆ ಹೇಳು. ಇನ್ನೂ ಎರಡು ಸೆಟ್ಟು ಬೇಕು. ಫ್ರೋಸೋ ಮನೆಗೊಂದು, ಸ್ತಮಾತಿಸ್ ಮನೆಗೊಂದು."

ಫ್ರೋಸೋ ಮೆಲ್ಲನೆ ಕಪ್ಪನ್ನು ಮತ್ತೆ ಕೈಗೆತ್ತಿಕೊಂಡಳು. ಗಸಿಯಲ್ಲಿ ಬಾಗಿಲು ಅಲ್ಲೇ ಇತ್ತು. ಮೂರು ಹಕ್ಕಿಯ ಮುಖವೂ ಹೊರಗಿನ ಕಡೆಗಿತ್ತು.