ಗಟ್ಟಿಯವರ ಗುಂಪಿನ ನಾದಿನಿ

ನಮ್ಮ ನಾದಿನಿಗೆ ಕಾಯಿಲೆ ಬರುವುದಿಲ್ಲ. ಬರುವಂಗೂ ಇಲ್ಲ! ಮೈಸೂರಲ್ಲಿ ಡಾಕ್ಟರ್ ಓದು ಕಲಿಸುವ ಒಂದು ಆಸ್ಪತ್ರೆಯಲ್ಲಿ ಹಾಗಂತ ತೀರ್ಮಾನ ಆಗಿಹೋಗಿದೆ. ನೆಗಡಿ ಬಂದರೆ ಅದು ನೆಗಡಿಯಲ್ಲ, ಒಗ್ಗರಣೆ ಘಾಟು. ಕೆಮ್ಮಿದರೆ ಅದು ಕೆಮ್ಮಲ್ಲ, ನನ್ನನ್ನು ಕರೆದದ್ದು. ಕಾಲು ಊದಿಕೊಂಡರೆ, ಹುಣಸೂರಿನ ಅಂಗಡಿಯವನು ಚಪ್ಪಲಿಯ ಅಳತೆಯಲ್ಲಿ ಮೋಸ ಮಾಡಿದ್ದಾನೆ ಅಂತ ಅರ್ಥ. ಇಂಥ ಗಟ್ಟಿಗಿತ್ತಿಯ ಜೊತೆ ಒಂದೇ ಮನೆಯಲ್ಲಿ ಬಾಳುವುದು ಅಂದರೇನು ಅಂತ ನಿಮಗೇನು ಗೊತ್ತು?

ನನ್ನ ಗಂಡನ ತಂಗಿ ಇವಳು. ಕಟ್ಟಿಕೊಂಡವನು ತೀರಿಹೋದ ಮೇಲೆ ಪಿರಿಯಾಪಟ್ಟಣದ ಕಡೆಯಿಂದ ಒಂದು ಟ್ರಂಕು ಹೊತ್ತು, ಗಾವಡಗೆರೆ ಪಕ್ಕದ ನಮ್ಮೂರಿಗೆ ಬಂದಳು. ನಾಲ್ಕು ದಿನ ಇದ್ದು ಹೋಗ್ತೀನಿ ಅಂದಿದ್ದಳು. ಆಮೇಲೆ ನನ್ನ ಗಂಡ ಹೋದ, ಮನೆಯ ಎತ್ತು ಹೋದವು, ಹಳೇ ಹೆಂಚು ಹೋಗಿ ಶೀಟು ಬಂತು. ಇವಳು ಮಾತ್ರ ಹೋಗಲಿಲ್ಲ.

ಆಸ್ಪತ್ರೆಯ ಕತೆ ಶುರುವಾದದ್ದು ನನ್ನಿಂದ. ನನಗೆ ಸಕ್ಕರೆ ಕಾಯಿಲೆ, ಜೊತೆಗೆ ಮಂಡಿನೋವು. ಹುಣಸೂರಿನ ಡಾಕ್ಟರು ಮೈಸೂರಿಗೆ ಬರೆದುಕೊಟ್ಟರು. ಒಬ್ಬಳೇ ಬಸ್ಸು ಹತ್ತಲಾರೆ ಅಂತ ಇವಳನ್ನೂ ಕರೆದುಕೊಂಡು ಹೋದೆ. ಅಲ್ಲೊಬ್ಬಳು ಡಾಕ್ಟರಮ್ಮ. ಡಾಕ್ಟರಮ್ಮ ಅಂದರೇನು, ನನ್ನ ಹೆಗಲಿಗೆ ಬಂದರೆ ಹೆಚ್ಚು. ಬಿಳಿ ಕೋಟಿನೊಳಗೆ ಹುಡುಗಿ ಎಲ್ಲಿದ್ದಾಳೆ ಅಂತ ಹುಡುಕಬೇಕು. ಇನ್ನೂ ಓದುತ್ತಿದ್ದಾಳಂತೆ, ಓದಿನ ಕೊನೆಗೆ ಒಂದು ಸಂಶೋಧನೆ ಮಾಡಬೇಕಂತೆ. ಏನಪ್ಪ ಸಂಶೋಧನೆ? ಸಕ್ಕರೆ ಕಾಯಿಲೆಯ ಹಳ್ಳಿ ಮುದುಕಿಯರು ನಡೆದರೆ ಎಷ್ಟು ಏದುಸಿರು ಬರುತ್ತದೆ ಅಂತ ಕಂಡುಹಿಡಿಯುವುದು!

ಇದನ್ನು ಕಂಡುಹಿಡಿಯೋಕೆ ಮೈಸೂರು ಬೇಕಾ? ಬೆಳಗ್ಗೆ ನಮ್ಮೂರ ಹಾಲಿನ ಡೈರಿ ಮುಂದೆ ನಿಂತರೆ ಸಾಕು. ಯಾರು ಎಲ್ಲಿ ಕೂರುತ್ತಾರೆ, ಯಾರು ಯಾರ ಹೆಗಲು ಹಿಡಿಯುತ್ತಾರೆ, ಎಲ್ಲಾ ಪುಕ್ಕಟೆ ಕಾಣುತ್ತದೆ. ಆದರೆ ಡೈರಿ ಮುಂದೆ ನಿಂತವರಿಗೆ ಯಾರೂ ಡಿಗ್ರಿ ಕೊಡುವುದಿಲ್ಲವಲ್ಲ!

ಕಾಯಿಲೆಯ ಮುದುಕಿಯರು ಬೇಕಾದಷ್ಟು ಸಿಕ್ಕಿದ್ದರು. ಅವರ ಪಕ್ಕ ಇಟ್ಟು ಹೋಲಿಸಿ ನೋಡೋಕೆ ಕಾಯಿಲೆ ಇಲ್ಲದ ಮುದುಕಿಯರೂ ಬೇಕಂತೆ. ಅವರನ್ನು ಆಸ್ಪತ್ರೆಯಲ್ಲಿ ಕೂತು ಹುಡುಕುತ್ತಿದ್ದಾಳೆ, ಜಾಣೆ! ಬೆಂಚಿನ ಮೇಲೆ ಕಡಲೆಪುರಿ ತಿನ್ನುತ್ತಾ ಕೂತಿದ್ದ ನಮ್ಮ ನಾದಿನಿ ಅವಳ ಕಣ್ಣಿಗೆ ಬಿದ್ದಳು.

"ಅಜ್ಜಿ, ನಿಮಗೇನು ತೊಂದರೆ?"

"ನಂಗೇನಿಲ್ಲ ಕಣವ್ವ. ಇವ್ಳೇ ನನ್ ತೊಂದ್ರೆ," ಅಂತ ಗಲ್ಲ ಎತ್ತಿ ನನ್ನನ್ನು ತೋರಿಸಿದಳು.

ರಕ್ತ ತೆಗೆದರು, ಬಿ.ಪಿ. ನೋಡಿದರು. ಅವತ್ತಿಗೆ ಎಲ್ಲಾ ಸರಿಯಾಗಿಯೇ ಇತ್ತು. ಒಂದೇ ಪಾತ್ರೆಯ ಮುದ್ದೆ ತಿಂದ ನಮ್ಮಿಬ್ಬರನ್ನು ಅಲ್ಲೇ ಪಾಲು ಮಾಡಿದರು. ನಾನು ಕಾಯಿಲೆಯವರ ಗುಂಪು, ಅವಳು ಗಟ್ಟಿಯವರ ಗುಂಪು. ಆ ಹುಡುಗಿ ಇವಳ ಕೈ ಹಿಡಿದು, "ನಿಮ್ಮಂಥವರು ಸಿಗೋದೇ ಕಷ್ಟ ಅಜ್ಜಿ. ಮೂರು ತಿಂಗಳಿಗೊಂದು ಸಲ ಬರಬೇಕು. ಕೊನೆಯವರೆಗೂ ಹೀಗೇ ಗಟ್ಟಿಯಾಗಿರಬೇಕು, ಆಯ್ತಾ?" ಅಂದಳು.

"ಆಯ್ತು ಕಣವ್ವ," ಅಂದಳು ಇವಳು.

ಹುಡುಗಿ ಬಾಯಿಮಾತಿಗೆ ಅಂದದ್ದು. ಇವಳು ಅದನ್ನು ದೀಪ ಮುಟ್ಟಿ ಆಣೆ ಮಾಡಿದವಳ ಹಾಗೆ ಹಿಡಿದುಕೊಂಡಳು. ತಾನು ಹಾಸಿಗೆ ಹಿಡಿದರೆ ಆ ಹುಡುಗಿ ಪರೀಕ್ಷೆಯಲ್ಲಿ ಫೇಲು! ಹಾಗಂತ ಯಾರು ಹೇಳಿದರು? ಯಾರೂ ಹೇಳಲಿಲ್ಲ. ಇವಳ ತಲೆಗೆ ಒಂದು ಹೊಕ್ಕರೆ ಮುಗೀತು, ಅದು ಹೊರಗೆ ಬರೋಕೆ ದಾರಿ ಇಲ್ಲ.

ಅವತ್ತೇ ನಡೆಸಿ ನೋಡಿದರು. ಉದ್ದಕ್ಕೆ ಒಂದು ಬರಾಂಡ. ಡಾಕ್ಟರಮ್ಮ ಗಡಿಯಾರ ಹಿಡಿದು ನಿಂತಳು.

"ಅಜ್ಜಿ, ಆ ಬಾಗಿಲತನಕ ಹೋಗಿ ಬನ್ನಿ. ನಾನು ಸಾಕು ಅನ್ನೋತನಕ ಹೋಗ್ತಾ ಬರ್ತಾ ಇರಿ."

"ಅಲ್ಲೇನದೆ?"

"ಏನೂ ಇಲ್ಲ."

"ಮತ್ತೆ ಏನ್ ತರ್ಬೇಕು?"

"ಏನೂ ತರೋದು ಬೇಡ ಅಜ್ಜಿ. ಸುಮ್ಮನೆ ನಡೀಬೇಕು."

"ಬರಿಗೈಲಿ ಓಗಿ ಬರಿಗೈಲಿ ಬರಾದಾ? ಉಚ್ಚು ಗಿಚ್ಚು ಇಡ್ದದಾ ಮಗ ನಿಂಗೆ?"

ನಾವು ಹುಟ್ಟಿದಾಗಿನಿಂದ ಸುಮ್ಮನೆ ನಡೆದವರಲ್ಲ. ಹೋಗುವಾಗ ಗೊಬ್ಬರದ ಮಂಕರಿ, ಬರುವಾಗ ಹುಲ್ಲಿನ ಹೊರೆ. ಇವಳು ಒಂದು ಸುತ್ತು ಹೋಗಿ ಬಂದಳು. ಎರಡನೇ ಸುತ್ತಿನಲ್ಲಿ ಯಾರದೋ ಬಿಸಿನೀರಿನ ಫ್ಲಾಸ್ಕು ಕೈಯಲ್ಲಿತ್ತು. ಮೂರನೇ ಸುತ್ತಿನಲ್ಲಿ ನೋಡುತ್ತೇನೆ, ಸೊಂಟದ ಮೇಲೆ ಒಂದು ಕೂಸು! ಅದರ ತಾಯಿ ಮಾತ್ರೆಗೆ ಸಾಲು ನಿಂತಿದ್ದಾಳಂತೆ. "ಅಜ್ಜೀ, ಮಗು ಇಳಿಸಿ! ಲೆಕ್ಕ ತಪ್ಪುತ್ತೆ!" ಅಂತ ಡಾಕ್ಟರಮ್ಮ ಹಿಂದೆ ಓಡಿದಳು. ಇವಳು ನಿಂತರೆ ತಾನೇ? ಕೊನೆಗೆ ಏದುಸಿರು ಬಂದದ್ದು ಡಾಕ್ಟರಮ್ಮನಿಗೆ.

ನನ್ನನ್ನೇನು ಸುಮ್ಮನೆ ಬಿಟ್ಟರಾ? ಕಾಯಿಲೆಯವರಿಗೆ ಪ್ರಶ್ನೆಗಳ ಸುರಿಮಳೆ. "ಕಳೆದ ತಿಂಗಳು ನಿಮಗೆ ಬೇಜಾರು ಆಗಿದ್ದು ಯಾವಾಗಲೂನಾ, ಆಗಾಗನಾ, ಅಪರೂಪಕ್ಕಾ?"

"ಇವ್ಳು ಮನೇಲಿದ್ದಾಗ ಯಾವಾಗ್ಲೂ, ಒಲಕ್ಕೋದಾಗ ಅಪರೂಪಕ್ಕೆ ಅಂತ ಬರ್ಕೊ."

"ಹಾಗೆ ಬರೆಯೋಕೆ ಜಾಗ ಇಲ್ಲ ಅಜ್ಜಿ."

"ಮತ್ತೇನ್ ಸಂಶೋಧ್ನೆ ಮಾಡೀಯೆ ನೀನು? ನನ್ ಕಾಯ್ಲೇನೇ ಇವ್ಳು!"

ಅಲ್ಲಿಂದ ಬಂದ ಮೇಲೆ ಊರಲ್ಲಿ ಇವಳ ದರಬಾರು ಶುರು. ಹುಣಸೂರು ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವಳಿಗೆ, ಡೈರಿಯಲ್ಲಿ ಹಾಲು ಅಳೆಯುವವನಿಗೆ, ಹ್ಯಾಂಡ್‌ಪೋಸ್ಟ್ ಅನ್ನೋ ಊರಿನ ಮದುವೆಯೊಂದರಲ್ಲಿ ಓಲಗದವರಿಗೂ ಬಿಡದೆ ಹೇಳಿದಳು: "ನನ್ ರಕ್ತ ಮೈಸೂರಲ್ಲಿ ಇಟ್ಕಂಡು ನೋಡ್ತಾವ್ರೆ." ನಾನು ಪಕ್ಕದಲ್ಲಿದ್ದರೆ ಒಂದು ಮಾತು ಹೆಚ್ಚಿಗೆ: "ನಮ್ ಅತ್ಗೇದೂ ತಗಂಡವ್ರೆ, ಆದ್ರೆ ಅದು ಕೆಟ್ಟಿರೋ ರಕ್ತ." ಓಲಗದವನು ಪೀಪಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ. ನನಗೆ ಹೇಗಾಗಿರಬೇಡ!

ನನ್ನ ಮಗನ ಮಗಳನ್ನು ನೋಡೋಕೆ ಕೆ.ಆರ್. ನಗರದಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗನ ತಾಯಿ ಮೆಲ್ಲಗೆ, "ನಿಮ್ಮ ಮನೇಲಿ ಕಾಯಿಲೆ ಕಸಾಲೆ ಏನಾದರೂ..." ಅಂದಳು, ಅಷ್ಟೇ. ಇವಳು ನಡುಮನೆಯಿಂದ ನುಗ್ಗಿ ಬಂದಳು. "ಕಾಯ್ಲೆಯಾ? ನಮ್ ವಂಶದ ರಕ್ತ ಚೆನ್ನಾಗದೆ ಅಂತ ಡಾಕ್ಟ್ರೇ ಬೇಡಿ ಇಸ್ಕಂಡವ್ರೆ. ನಿಮ್ದು ಯಾರಾರ ಕೇಳವ್ರಾ?" ಆ ಹೆಂಗಸು ಕಾಫಿ ಲೋಟ ಹಿಡಿದವಳು ಹಿಡಿದಂಗೇ ಇದ್ದಳು. ಸಂಬಂಧ ಕುದುರಿತು ಅನ್ನಿ. ಇವಳಿಂದ ಅಲ್ಲ, ಹುಡುಗ ಒಪ್ಪಿದ್ದರಿಂದ. ಆದರೆ ಅದೂ ತನ್ನ ರಕ್ತದ ಮಹಿಮೆ ಅಂತ ಇವಳು ಇವತ್ತಿಗೂ ಹೇಳಿಕೊಂಡು ತಿರುಗುತ್ತಾಳೆ.

ಹೊಗೆಸೊಪ್ಪಿನ ಕಾಲದಲ್ಲಿ ಒಂದು ದಿನ ಇವಳಿಗೆ ಜ್ವರ. ಮೈ ಮುಟ್ಟಿದರೆ ಕೈ ಸುಡುತ್ತಿತ್ತು. ಮಾತ್ರೆ ತಂದುಕೊಟ್ಟರೆ, "ಮಾತ್ರೆ ನಿಮ್ ಗುಂಪ್ನೋರಿಗೆ ಕಣತ್ಗೆ," ಅಂತ ಎದ್ದು ಹೋದಳು. ಎಲ್ಲಿಗೆ? ಸೊಪ್ಪನ್ನು ಬೆಂಕಿಯ ಶಾಖಕ್ಕೆ ಹದ ಮಾಡುವ ಬ್ಯಾರನ್ ಮನೆಗೆ! ಒಲೆಯ ಬಾಯಿಗೆ ಬೆನ್ನು ಕೊಟ್ಟು ಕೂತು, "ಬೆಂಕಿ ನೋಡ್ಕತಾ ಇವ್ನಿ," ಅಂದಳು. ಅಲ್ಲಿ ಎಲ್ಲರ ಮೈಯೂ ಸುಡುತ್ತದೆ, ಎಲ್ಲರೂ ಬೆವರುತ್ತಾರೆ. ಜ್ವರ ಬಚ್ಚಿಡೋಕೆ ಅದಕ್ಕಿಂತ ಒಳ್ಳೇ ಜಾಗ ಯಾವುದಿದೆ ಹೇಳಿ? ಈ ಬುದ್ಧಿಯನ್ನು ಬೇರೆ ಕಡೆ ಖರ್ಚು ಮಾಡಿದ್ದರೆ ಇಷ್ಟೊತ್ತಿಗೆ ತಾಲ್ಲೂಕು ಪಂಚಾಯ್ತಿ ಮೆಂಬರ್ ಆಗಿರುತ್ತಿದ್ದಳು.

ಜ್ವರ ಹೋಯಿತು. ಆದರೆ ಅದರ ಹಿಂದೆಯೇ ಬೇರೇನೋ ಬಂತು. ಒಂದು ಹೊರೆ ಹುಲ್ಲನ್ನು ಎರಡು ಸಲಕ್ಕೆ ತರೋಕೆ ಶುರುಮಾಡಿದಳು. ಕೇಳಿದರೆ, ಹುಲ್ಲು ಹಸಿಯಾಗಿದೆ, ಭಾರ. ಡೈರಿಯಿಂದ ಬರುವಾಗ ದಾರಿಯಲ್ಲಿ ಕೂತು ಕಾಲಿನ ಮುಳ್ಳು ತೆಗೆಯುವಳು. ಟಾರು ರಸ್ತೆಯಲ್ಲಿ ಮುಳ್ಳೆಲ್ಲಿ ಬರುತ್ತದೆ? ಚಾಪೆಯ ಮೇಲೆ ಮಲಗುವುದು ಬಿಟ್ಟು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದಳು. ಯಾಕೆ ಅಂದರೆ, ಬೆಕ್ಕು ಹಾಲಿಗೆ ಬಾಯಿ ಹಾಕುತ್ತದೆ, ಕಾಯಬೇಕು ಅಂದಳು. ನಮ್ಮ ಮನೆಯಲ್ಲಿ ಬೆಕ್ಕಿಲ್ಲ!

"ಲೇ, ನಿಂಗೇನೋ ಆಗದೆ ಕಣೆ. ಉಣಸೂರಿಗಾರೂ ಓಗಿ ತೋರ್ಸನ ನಡಿ," ಅಂದೆ.

"ನಂಗೇನಾಗದೆ? ನಿನ್ ಕಣ್ಗೆ ಎಲ್ರೂ ನಿನ್ನಂಗೇ ಕಾಣ್ತಾರೆ."

"ಸತ್ತೋದ್ರೆ?"

"ಆ ಮಗೀನ ಪರೀಕ್ಷೆ ಮುಗೀಲಿ. ಆಮೇಲೆ ಸಾಯ್ತೀನಿ ಬುಡು. ಮಾತ್ ಕೊಟ್ಟಿವ್ನಿ."

"ಅವ್ಳೇನ್ ನಿನ್ ಒಟ್ಟೇಲಿ ಉಟ್ಟಿದ್ಲಾ?"

ಇವಳ ಹೊಟ್ಟೆಯಲ್ಲಿ ಯಾರೂ ಹುಟ್ಟಲಿಲ್ಲ. ಇವಳು ಎದ್ದುಹೋಗಿ ಖಾಲಿ ಬಿಂದಿಗೆಯನ್ನು ತೊಳೆದಳು, ತೊಳೆದದ್ದನ್ನೇ ಇನ್ನೊಂದು ಸಲ ತೊಳೆದಳು.

ಮುಂದಿನ ಸಲ ಮೈಸೂರಿಗೆ ಹೋದಾಗ ಡಾಕ್ಟರಮ್ಮ ನಮ್ಮನ್ನು ಕಂಡು ಹಲ್ಲುಬಿಟ್ಟು ನಕ್ಕಳು. ಇನ್ನು ಸ್ವಲ್ಪ ದಿನ ಅಜ್ಜಿ, ಮುಗೀತು ಅಂದಳು. ಗಡಿಯಾರ ತೆಗೆದಳು. ಇವಳು ಸೆರಗು ಸಿಕ್ಕಿಸಿ ಹೊರಟಳು. ಹೋಗುವಾಗ ಏನೋ ಹೋದಳು. ಬರುವಾಗ ಅರ್ಧದಲ್ಲಿ ನಿಂತುಬಿಟ್ಟಳು. ಗೋಡೆಯ ಮೇಲೊಂದು ದೊಡ್ಡ ಬೋರ್ಡು ಇತ್ತು. ಅದರ ಮುಂದೆ ನಿಂತು, ಕತ್ತು ಎತ್ತಿ, ಓದತೊಡಗಿದಳು. ಒಂದು ಕೈ ಗೋಡೆಯ ಮೇಲೆ. ತುಟಿ ಬೇರೆ ಅಲ್ಲಾಡಿಸುತ್ತಿದ್ದಾಳೆ!

"ಅಜ್ಜಿ, ಆಮೇಲೆ ಓದಿ, ಬನ್ನಿ ಬನ್ನಿ," ಅಂದಳು ಡಾಕ್ಟರಮ್ಮ ನಗುತ್ತಾ.

ನನಗೆ ತಡೆಯಲಿಲ್ಲ. "ಡಾಕ್ಟ್ರವ್ವ, ಆ ಬೋರ್ಡು ಇಂಗ್ಲಿಷು ಕಣೆ. ಇವ್ಳಿಗೆ ಕನ್ನಡಾನೇ ಬರಲ್ಲ! ಎಬ್ಬೆಟ್ಟು ಒತ್ತೋಳು ಏನ್ ಓದಾಳು? ಉಸ್ರು ಸಿಗ್ತಿಲ್ಲ ಅವ್ಳಿಗೆ. ಇಡ್ಕ, ಬೀಳ್ತಾಳೆ!"

ನಾದಿನಿ ತಿರುಗಿ ನನ್ನನ್ನು ನೋಡಿದಳು. ಬೈಗುಳ ಎಷ್ಟೋ ತಿಂದಿದ್ದೀನಿ ಅವಳಿಂದ, ಅಂಥ ನೋಟ ತಿಂದಿರಲಿಲ್ಲ. ಡಾಕ್ಟರಮ್ಮನ ಗಡಿಯಾರ ಅತ್ತ ಬಿತ್ತು, ಗಾಲಿ ಕುರ್ಚಿ ಇತ್ತ ಬಂತು.

ಹೃದಯ ಸುಸ್ತಾಗಿದೆಯಂತೆ, ಶ್ವಾಸಕೋಶದಲ್ಲಿ ನೀರು ನಿಂತಿದೆಯಂತೆ. ಇನ್ನೊಂದು ವಾರ ತಡವಾಗಿದ್ದರೆ ಕಷ್ಟವಿತ್ತಂತೆ. ಉಸಿರಿನ ಮೇಲೆ ಸಂಶೋಧನೆ ಮಾಡುವವರ ಮುಂದೆಯೇ ಉಸಿರಿಲ್ಲದೆ ನಡೆದಾಡಿದ್ದಾಳೆ, ನೋಡಿ! ನಾನು ವಾರ್ಡಿನಲ್ಲಿ ಸಿಕ್ಕಿದ ಬಿಳಿ ಕೋಟಿಗೆಲ್ಲ ಬೈದೆ. ಡಾಕ್ಟರಮ್ಮ ದಿನಾ ಬಂದು ಇವಳ ಮಂಚದ ಪಕ್ಕ ನಿಂತು, ನನ್ನ ಬೈಗುಳ ಮುಗಿಯುವತನಕ ಕಾದು, ಆಮೇಲೆ ಇವಳನ್ನು ಮಾತಾಡಿಸುತ್ತಿದ್ದಳು.

"ನಿನ್ ಪರೀಕ್ಷೆ ಕೆಡ್ಸಿಬುಟ್ನಲ್ಲ ಮಗ," ಅಂದಳು ಇವಳು ಮೂಗಿನ ನಳಿಕೆ ಸರಿಸಿ.

"ಏನೂ ಕೆಡಲಿಲ್ಲ ಅಜ್ಜಿ. ಹುಷಾರು ತಪ್ಪಿದರೆ ಅದನ್ನೂ ಬರೀಬೇಕು, ಅದೇ ನಮ್ಮ ಕೆಲಸ. ನೀವು ಯಾಕೆ ಹೇಳಲಿಲ್ಲ?"

"ಗಟ್ಟಿಯಾಗಿರು ಅಂದಿದ್ಯಲ್ಲ."

ಡಾಕ್ಟರಮ್ಮ ಹೊದಿಕೆಯನ್ನು ಇವಳ ಕತ್ತಿನವರೆಗೆ ಎಳೆದು ಹೊರಟುಹೋದಳು.

"ಈಗ ನಾನ್ ಯಾವ ಗುಂಪು ಅತ್ಗೆ?" ಅಂದಳು ಇವಳು ನನಗೆ. ಸುಮ್ಮನೆ ಮಲಕ್ಕೊ ಅಂದೆ.

ಬಿಡುಗಡೆ ಮಾಡಿದ ದಿನ ಹುಣಸೂರು ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿದೆ. ಹಿಡಿಯಷ್ಟಾಗಿದ್ದಳು. ಊರಿನವರಿಗೆ ಏನು ಹೇಳೋದು ಅಂತ ಒಂದೇ ಯೋಚನೆ ಅವಳಿಗೆ, ಅದು ನನಗೂ ಗೊತ್ತು. ಬಿಳಿಕೆರೆಯಲ್ಲಿ ಹತ್ತಿದ ಒಬ್ಬಳು ಹೆಂಗಸು ನಮ್ಮೆದುರು ಕೂತಳು. ಕವರಿನ ತುಂಬ ಮಾತ್ರೆ ನೋಡಿದಳು, ನಮ್ಮಿಬ್ಬರ ಮುಖ ನೋಡಿದಳು.

"ಯಾರಿಗವ್ವ ಉಸಾರಿಲ್ದೆ ಇರಾದು?"

ನಾದಿನಿ ಮುಖವನ್ನು ಕಿಟಕಿಗೆ ತಿರುಗಿಸಿಕೊಂಡಳು.

"ನಂಗೆ ಕಣವ್ವ," ಅಂದೆ. "ಇವ್ಳು ನನ್ ನಾದ್ನಿ. ಜೊತೇಲಿ ಬಂದವ್ಳೆ."

ನಾದಿನಿಯ ಬೆನ್ನು ಮೆಲ್ಲಗೆ ನೆಟ್ಟಗಾಯಿತು. ಸೆರಗು ಸರಿಮಾಡಿಕೊಂಡಳು. "ಏನ್ ಏಳ್ಲವ್ವ ಇವ್ಳ ಪಾಡ," ಅಂತ ಶುರುಮಾಡಿದಳು. ನನ್ನ ಸಕ್ಕರೆ ಹೇಳಿದಳು, ಮಂಡಿ ಹೇಳಿದಳು, ನನಗಿಲ್ಲದ ಕಾಯಿಲೆಗಳನ್ನೂ ಒಂದೊಂದಾಗಿ ಹೇಳಿದಳು. ಅರ್ಧ ಬಸ್ಸು ನನ್ನ ಕಡೆ ತಿರುಗಿ ಅಯ್ಯೋ ಪಾಪ ಅಂದಿತು. ನಾಲ್ಕು ಮಾತಿಗೊಂದು ಸಲ ಅವಳ ಉಸಿರು ಸಾಲದೆ ಮಾತು ನಿಂತುಹೋಗುತ್ತಿತ್ತು. ನಿಂತಾಗಲೆಲ್ಲ ನಾನು ಮಂಡಿ ಹಿಡಿದುಕೊಂಡು, ಎಲ್ಲರಿಗೂ ಕೇಳುವ ಹಾಗೆ, ಗಟ್ಟಿಯಾಗಿ ನರಳಿದೆ.