ಕಿವಿಗೆ ಹಿಡಿದ ಕಿತ್ತಳೆ ಸಿಪ್ಪೆ

ಮಂಗಳೂರಿನ ಯಾವ ಆಸ್ಪತ್ರೆಯಲ್ಲಿ ಯಾರು ಮಲಗಿದ್ದಾರೆ ಎಂಬುದು ಡಾಕ್ಟರಿಗಿಂತ ಮೊದಲು ನಮ್ಮ ಮಾಮಿಗೆ ಗೊತ್ತಾಗುತ್ತದೆ. ಗೊತ್ತಾಗದೆ ಇರುತ್ತದೆಯೇ? ರೋಗಿ ಇದ್ದಲ್ಲಿ ಕಿತ್ತಳೆ, ಕಿತ್ತಳೆ ಇದ್ದಲ್ಲಿ ಸಿಪ್ಪೆ, ಸಿಪ್ಪೆ ಇದ್ದಲ್ಲಿ ಮಾಮಿ!

ಮಾಮಿ ಎಂದರೆ ಅಪ್ಪನ ತಂಗಿ. ಮನೆ ಕಾವೂರಿನಲ್ಲಿ. ಅವರ ಲೆಕ್ಕದಲ್ಲಿ ಕಿತ್ತಳೆ ಹಣ್ಣು ಎಂದರೆ ಸಿಪ್ಪೆ ಮುದುಡದಂತೆ ದೇವರು ಒಳಗೆ ತುಂಬಿಸಿಟ್ಟ ಸಾಮಾನು, ಅಷ್ಟೆ. ಸಿಪ್ಪೆಯ ಒಳಗಿನ ಬಿಳಿಯನ್ನು ಚಮಚದಲ್ಲಿ ಕೆರೆದು, ಟೆರೇಸಿನ ಮೇಲೆ ಗೆರಸೆಯಲ್ಲಿ ಒಣಗಿಸಿ, ಮಿಕ್ಸಿಯಲ್ಲಿ ಪುಡಿ ಮಾಡಿ, ಜರಡಿ ಹಿಡಿದು ಬಾಟಲಿಗೆ ತುಂಬಿಸುತ್ತಾರೆ. ಆ ಪುಡಿ ಚಹಾಕ್ಕೆ ಬೀಳುತ್ತದೆ, ಶಿರಾಕ್ಕೆ ಬೀಳುತ್ತದೆ, ಒಮ್ಮೆ ಬಂಗುಡೆ ಪುಳಿಮುಂಚಿಗೂ ಬಿದ್ದಿತ್ತು. ಅವತ್ತು ಮಾವ ಒಂದು ತುತ್ತು ಬಾಯಿಗಿಟ್ಟು, "ಮೀನಿಗೆ ಸೆಂಟ್ ಹಾಕಿದ್ದು ಯಾರು?" ಎಂದು ಕೇಳಿದ್ದರು.

ಒಣಗಿದ್ದು ಸಾಕೋ ಎಂದು ನೋಡುವ ಕ್ರಮವಂತೂ ಟಿಕೆಟ್ ಇಟ್ಟು ತೋರಿಸುವಂಥದ್ದು! ಒಂದು ಚೂರನ್ನು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಮುರಿಯುತ್ತಾರೆ. 'ಕಟಕ್' ಎಂದರೆ ಪಾಸು. ಶಬ್ದ ಬಾರದಿದ್ದರೆ, "ಇನ್ನು ಎರಡು ಬಿಸಿಲು ಬೇಕು."

ಪಂಪ್‌ವೆಲ್‌ನ ಒಂದು ಜ್ಯೂಸ್ ಅಂಗಡಿಯಲ್ಲಿ ಮಾಮಿ ಮುಸುಂಬಿ ಸಿಪ್ಪೆ ಕೇಳಿದಾಗ ಅಂಗಡಿಯವನು ಚೀಲ ತುಂಬಿಸುತ್ತಾ ಕೇಳಿದನಂತೆ:

"ದನಕ್ಕಾ ಅಮ್ಮ?"

"ಅಲ್ಲಪ್ಪ, ನನ್ನ ಅಣ್ಣನ ಮಗನಿಗೆ."

ಅಣ್ಣನ ಮಗ ಎಂದರೆ ನಾನೇ!

ನಾನೆಂತ ಕಡಿಮೆಯಾ? ನನ್ನ ಕಸುಬು ಮಿಮಿಕ್ರಿ. ಸಂಪಾದನೆ ಇಲ್ಲ, ಶತ್ರುಗಳು ಮಾತ್ರ ಉಂಟು. ಸಿಟಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಕಂಡಕ್ಟರನ ಸ್ವರದಲ್ಲಿ "ಪಂಪ್‌ವೆಲ್ ಪಂಪ್‌ವೆಲ್, ಬೇಗ ಇಳೀರಿ" ಎಂದು ಒಮ್ಮೆ ಮೂವರನ್ನು ಎರಡು ಸ್ಟಾಪ್ ಮೊದಲೇ ಇಳಿಸಿದ್ದೇನೆ. ಆ ಮೂವರಲ್ಲಿ ನನ್ನ ಲೆಕ್ಚರರೂ ಇದ್ದದ್ದು ಇಂಟರ್ನಲ್ ಮಾರ್ಕ್ಸ್ ಬಂದ ಮೇಲೆ ತಿಳಿಯಿತು.

ಕಳೆದ ವರ್ಷ ಬಜಪೆಯ ಒಂದು ಹಾಲ್‌ನಲ್ಲಿ ನಮ್ಮ ಅಕ್ಕನ ಮೆಹಂದಿ. ಯಾರೋ ನನ್ನ ಕೈಗೆ ಮೈಕ್ ಕೊಟ್ಟರು. ಮಂಗನ ಕೈಗೆ ಮಾಣಿಕ್ಯ ಕೊಟ್ಟರೂ ಇಷ್ಟು ಹಾನಿಯಾಗುವುದಿಲ್ಲ. ಸೆರಗು ಸುತ್ತಿಕೊಂಡು, ಸಿಪ್ಪೆ ತುಂಬಿಸುವ ಸಂಚಿ ಹಿಡಿದು, ಮಾಮಿ ಆಸ್ಪತ್ರೆಗೆ ಹೋಗುವ ಐಟಂ ಶುರು ಮಾಡಿದೆ. ಸುಲಿದೆ, ಕೆರೆದೆ, ಕಿವಿಗೆ ಹಿಡಿದೆ. ಕೊನೆಗೆ ಮಾಮಿಯ ಸ್ವರದಲ್ಲೇ, "ಅಷ್ಟು ಬೇಗ ಗುಣ ಆಗ್ಬೇಡಿ ಮಾರಾಯ್ರೆ, ನನ್ನ ಬಾಟಲಿ ಇನ್ನೂ ಅರ್ಧವೇ ತುಂಬಿದ್ದು!" ಎಂದೆ.

ಹಾಲ್‌ಗೆ ಹಾಲೇ ನಕ್ಕಿತು. ಮಾಮಿಯೂ ನಕ್ಕರು. ಆಮೇಲೆ ಕೈ ತೊಳೆಯುವಲ್ಲಿ ಸಿಕ್ಕಿ, "ನಾನು ಹೋಗುದು ಸಿಪ್ಪೆಗೆ ಅಂತ ಎಲ್ಲರಿಗೂ ಕಾಣ್ತದಾ?" ಎಂದು ಮೆಲ್ಲಗೆ ಕೇಳಿದರು.

"ತಮಾಷೆ ಮಾಮಿ!" ಎಂದೆ.

ಅದರ ನಂತರ ನಮ್ಮ ಮನೆಗೆ ಪುಡಿಯ ಬಾಟಲಿ ಬರಲಿಲ್ಲ. "ಮಾಮಿ ಈಗ ಆಸ್ಪತ್ರೆಗೆ ಯಾರನ್ನೂ ನೋಡ್ಲಿಕ್ಕೆ ಹೋಗುದಿಲ್ಲವಂತೆ" ಎಂದು ಅಮ್ಮ ಹೇಳಿದಾಗಲೂ ಚಹಾ ನಿಶ್ಚಿಂತೆಯಿಂದ ಕುಡಿದೆ. ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತಿದೆ.

ಆಮೇಲೆ ನನಗೆ ಡೆಂಗ್ಯೂ ಬಂತು. ಸೊಳ್ಳೆಗೂ ಮಿಮಿಕ್ರಿ ಮಾಡಿದ್ದೆನೋ ಏನೋ! ಬಂದವರೆಲ್ಲ ಕಿತ್ತಳೆ ತಂದರು. ಮೇಜಿನ ಮೇಲೆ ಇಟ್ಟರು. ಮೊಬೈಲ್ ನೋಡಿದರು. "ರೆಸ್ಟ್ ಮಾಡು" ಎಂದು ಹೋದರು. ಬಲಗೈಗೆ ಡ್ರಿಪ್, ಎದುರಿಗೆ ಕಿತ್ತಳೆಯ ಗುಡ್ಡ, ಬಾಯಿ ಒಣಗಿ ಹಪ್ಪಳ. ಒಂದು ಕೈಯಲ್ಲಿ ಕಿತ್ತಳೆ ಸುಲಿದು ನೋಡಿ, ಗೊತ್ತಾಗುತ್ತದೆ! ಮಾಮಿ ನೋಡಲು ಹೋಗುತ್ತಿದ್ದವರ ಕೈಗೂ ಡ್ರಿಪ್ ಇರುತ್ತಿತ್ತಲ್ಲ? ಅವರಿಗೆಲ್ಲ ಸುಲಿದು, ನಾರು ತೆಗೆದು, ಬೀಜ ಬಿಡಿಸಿ, ತಿನ್ನಿಸಿದ್ದು ಯಾರು? ನನ್ನ ಐಟಂನಲ್ಲಿ ಅದೊಂದನ್ನು ಮಾತ್ರ ನಾನು ಬಿಟ್ಟಿದ್ದೆ.

ಮೂರನೇ ದಿನ ಮಾಮಿ ಬಂದರು. ಸಂಚಿ ಇಲ್ಲ. ಕೈಯಲ್ಲಿ ಸ್ಟೀಲಿನ ಡಬ್ಬಿ. ಮುಚ್ಚಳ ತೆಗೆದರೆ ಸುಲಿದಿಟ್ಟ ಕಿತ್ತಳೆ ತೊಳೆಗಳು, ಒಂದು ನಾರಿಲ್ಲ, ಒಂದು ಬೀಜವಿಲ್ಲ.

"ಸಿಪ್ಪೆ ಎಲ್ಲಿ ಮಾಮಿ?"

"ಮನೆಯಲ್ಲೇ ಸುಲಿದು ಬಿಸಾಡಿ ಬಂದೆ. ಇಲ್ಲಿ ಸುಲಿದರೆ ನೀನು ನಾಳೆ ಮೈಕಿನಲ್ಲಿ ಎಂತ ಹೇಳ್ತಿ ಅಂತ ಹೆದರಿಕೆ!" ಎಂದು ನಕ್ಕು, ಒಂದು ತೊಳೆ ನನ್ನ ಬಾಯಿಗಿಟ್ಟರು.

ಡಬ್ಬಿ ಖಾಲಿಯಾಗುವವರೆಗೆ ತಿಂದೆ.

ಅವರು ಹೋದ ಮೇಲೆ ಎಡಗೈ ಮತ್ತು ಹಲ್ಲು ಸೇರಿಸಿ ಮೇಜಿನ ಕಿತ್ತಳೆಗಳನ್ನೆಲ್ಲ ಸುಲಿದೆ. ತೊಳೆಗಳನ್ನು ವಾರ್ಡಿಗೆಲ್ಲ ಹಂಚಿಸಿದೆ, ಸಿಪ್ಪೆಗಳನ್ನು ಕಿಟಕಿಯ ಕಟ್ಟೆಯಲ್ಲಿ ಹರಡಿದೆ. "ಇದೆಂತ ಆಸ್ಪತ್ರೆಯಾ, ನಿಮ್ಮ ಅಂಗಳವಾ?" ಎಂದು ಸಿಸ್ಟರ್ ಬೈದರು. ಚಮಚ ಕೇಳಿದೆ. ಅವರು ಜ್ವರ ನೋಡಿದರು.

ಡಿಸ್ಚಾರ್ಜ್ ದಿನ ಮಾಮಿ ಬಂದಾಗ ಸಿಪ್ಪೆಯ ಪೊಟ್ಟಣ ಮುಂದೆ ಹಿಡಿದೆ. "ತಪ್ಪಾಯ್ತು ಮಾಮಿ" ಎನ್ನಬೇಕೆಂದಿದ್ದೆ. ಬಂದದ್ದು "ಮಾಮಿ" ಮಾತ್ರ.

ಅವರು ಬಿಚ್ಚಿ ನೋಡಿದರು. ಒಂದು ಚೂರು ತೆಗೆದು, ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿದರು. ಸಿಪ್ಪೆ ಮುರಿಯಲಿಲ್ಲ, ಬಗ್ಗಿತು.

"ಬಿಳಿ ಸರಿ ತೆಗೀಲೇ ಇಲ್ಲ ನೀನು. ಇನ್ನು ಎರಡು ಬಿಸಿಲು ಬೇಕು ಮಗಾ" ಎಂದು, ಪೊಟ್ಟಣವನ್ನು ಮಡಚಿ ಸೆರಗಿನೊಳಗೆ ಇಟ್ಟುಕೊಂಡರು.